ಥ್ರಾಟಲಿಗೆ ಹೋಗುವ ಆ ಸಣ್ಣ ಹೋಸನ್ನೂ ನೋಡಿ

ಮಾನ್ಯ ಸಂಪಾದಕರಿಗೆ,

ಮಾರ್ಚ್ ತಿಂಗಳು ಕಾಲಿಟ್ಟಿತೆಂದರೆ ಚೆರ್ಕಳ–ಜಾಲ್ಸೂರು ರಸ್ತೆಯ ಏರುಗಳಲ್ಲಿ, ಬದಿಯಡ್ಕದಿಂದ ಪೆರ್ಲಕ್ಕೆ ಹೋಗುವ ದಾರಿಯ ತಿರುವುಗಳಲ್ಲಿ ಬೋನೆಟ್ ಎತ್ತಿ ನಿಂತ ಹಳೆಯ ಕಾರು, ಓಮ್ನಿ, ಜೀಪುಗಳು ಕಾಣಿಸತೊಡಗುತ್ತವೆ. ಹತ್ತಿರದ ಮನೆಯಿಂದ ಕೊಡಪಾನದಲ್ಲಿ ನೀರು ಬರುತ್ತದೆ. ಯಾರೋ ಒಬ್ಬರು ಕೈಗೆ ಹಳೆಯ ಬಟ್ಟೆ ಸುತ್ತಿಕೊಂಡು ರೇಡಿಯೇಟರಿನ ಮುಚ್ಚಳ ತಿರುಗಿಸುತ್ತಾರೆ. ಹಬೆ ಇಳಿದ ಮೇಲೆ ನೀರು ತುಂಬಿಸಿ ಗಾಡಿ ಮುಂದೆ ಹೋಗುತ್ತದೆ. ಸುತ್ತ ನಿಂತವರಲ್ಲಿ ಒಬ್ಬರಾದರೂ ಹೇಳುವ ಮಾತು ಒಂದೇ: “ಗಾಡಿಗೆ ವಯಸ್ಸಾಯಿತು, ಇನ್ನು ಗುಜರಿಗೆ ಕೊಡುವುದು ಒಳ್ಳೆಯದು.”

ಮುಳ್ಳೇರಿಯದ ಬಳಿ ಗ್ಯಾರೇಜು ನಡೆಸಿ ಹೊಟ್ಟೆ ಹೊರೆಯುವ ನನಗೆ ಈ ಮಾತು ಕೇಳಿದಾಗ ನಿಜವಾಗಿಯೂ ಸಂಕಟವಾಗುತ್ತದೆ. ಹೀಗೆ ಕುದಿದು ನಿಲ್ಲುವ ಗಾಡಿಗಳಲ್ಲಿ ಹೆಚ್ಚಿನವುಗಳ ಎಂಜಿನ್ ಇನ್ನೂ ಗಟ್ಟಿಯಾಗಿರುತ್ತದೆ. ವಯಸ್ಸಾದದ್ದು ಹೋಸಿನ ರಬ್ಬರಿಗೆ, ಮುಚ್ಚಳದ ವಾಷರಿಗೆ, ತುಕ್ಕು ಹಿಡಿದ ಕ್ಲಿಪ್ಪಿಗೆ. ಕೆಲವು ನೂರು ರೂಪಾಯಿಯಲ್ಲಿ ಮುಗಿಯಬೇಕಾದ ಕೆಲಸವನ್ನು “ಸದ್ಯಕ್ಕೆ ನೀರು ಹಾಕಿ ಹೋಗೋಣ” ಎಂದು ಮುಂದೂಡುತ್ತಾ ಹೋಗಿ, ಕೊನೆಗೆ ಹೆಡ್ (ಎಂಜಿನ್ನಿನ ಮೇಲಿನ ಮುಚ್ಚಳದಂಥ ಭಾಗ) ಬಾಗಿ, ಪಿಸ್ಟನ್ ಸಿಕ್ಕಿಕೊಂಡು ಸೀಜ್ ಆಗಿ, ಹತ್ತಾರು ಸಾವಿರದ ಬಿಲ್ಲು ಕೈಗೆ ಬಂದಾಗ ಮಾಲೀಕರು ಗಾಡಿಯನ್ನು ಬಿಟ್ಟುಕೊಡುತ್ತಾರೆ. ಇದು ಹೀಗೆ ನಡೆಯಬೇಕಾಗಿಲ್ಲ ಎಂದು ಹೇಳಲಿಕ್ಕೇ ಈ ಪತ್ರ. ಸ್ವಲ್ಪ ದೀರ್ಘವಾಗುತ್ತದೆ, ದಯವಿಟ್ಟು ಜಾಗ ಕೊಡಬೇಕು.

ನಮ್ಮ ಕಡೆ ಹಳೆಯ ಗಾಡಿ ಇಟ್ಟುಕೊಳ್ಳುವುದು ಷೋಕಿಗಲ್ಲ. ದೇಲಂಪಾಡಿ, ಬಂದಡ್ಕ, ಬೆಳ್ಳೂರಿನ ಒಳಭಾಗಗಳಿಗೆ ಸಂಜೆಯ ಬಸ್ ಹೋದ ಮೇಲೆ ಆಸರೆಯೆಂದರೆ ನೆರೆಮನೆಯ ಓಮ್ನಿ ಅಥವಾ ಜೀಪು. ರಾತ್ರಿ ಹೊತ್ತು ಯಾರಿಗಾದರೂ ಎದೆನೋವು ಕಾಣಿಸಿಕೊಂಡರೆ ಕಾಸರಗೋಡಿಗೋ ಸುಳ್ಯಕ್ಕೋ ಮಂಗಳೂರಿಗೋ ಕರೆದುಕೊಂಡು ಹೋಗುವುದು ಅದೇ ಗಾಡಿ. ಹದಿನೈದು ವರ್ಷ ದಾಟಿದ ಕಾರಿನ ನೋಂದಣಿ ನವೀಕರಣ ಶುಲ್ಕ 2022ರ ಏಪ್ರಿಲ್ 1ರಿಂದ 600 ರೂಪಾಯಿಯಿಂದ 5,000 ರೂಪಾಯಿಗೆ ಏರಿತು. ಅಷ್ಟು ಹಣ ಕಟ್ಟಿ, ತೆರಿಗೆ ಕಟ್ಟಿ, ವಿಮೆ ಮಾಡಿಸಿ ಇನ್ನೈದು ವರ್ಷ ಓಡಿಸಲು ಹೊರಟವರು ಬೆರಳು ಗಾತ್ರದ ಒಂದು ಹೋಸನ್ನು ನೋಡದೆ ಎಂಜಿನನ್ನೇ ಕಳೆದುಕೊಳ್ಳುವುದೆಂದರೆ ಹೊಟ್ಟೆ ಉರಿಯುತ್ತದೆ.

ಬೆರಳು ಗಾತ್ರದ ಹೋಸು ಎಂದೆ. ಹಳೆಯ ಮಾರುತಿ, ಹೋಂಡಾ ಮೊದಲಾದ ಅನೇಕ ಪೆಟ್ರೋಲ್ ಕಾರುಗಳಲ್ಲಿ ರೇಡಿಯೇಟರಿನ ದಪ್ಪ ಹೋಸುಗಳಲ್ಲದೆ, ಎಂಜಿನ್ನನ್ನು ತಣಿಸಿ ತಾನು ಬಿಸಿಯಾದ ದ್ರವವನ್ನು, ಅಂದರೆ ಕೂಲೆಂಟನ್ನು, ಥ್ರಾಟಲ್ ಬಾಡಿಗೆ (ಆಕ್ಸಿಲರೇಟರ್ ಒತ್ತಿದಂತೆ ಎಂಜಿನ್ನಿಗೆ ಗಾಳಿ ಬಿಡುವ ಭಾಗಕ್ಕೆ) ಒಯ್ದು ಮರಳಿ ತರುವ ಎರಡು ತೆಳ್ಳನೆಯ ಹೋಸುಗಳಿರುತ್ತವೆ. ಏರ್ ಫಿಲ್ಟರಿನ ಕೊಳವೆಯ ಅಡಿಯಲ್ಲಿ, ವೈರುಗಳ ಮರೆಯಲ್ಲಿ ಇವು ಅಡಗಿರುವುದರಿಂದ ಮಾಲೀಕರಿಗೆ ಇವುಗಳ ಸುದ್ದಿಯೇ ಗೊತ್ತಿರುವುದಿಲ್ಲ. ರೇಡಿಯೇಟರ್ ಹೋಸ್ ಬದಲಿಸುವಾಗಲೂ ಇವನ್ನು ಮುಟ್ಟದೆ ಬಿಡುವವರೇ ಹೆಚ್ಚು. ಆದ್ದರಿಂದ ಕಾರು ಕಂಪನಿಯಿಂದ ಹೊರಬಂದ ದಿನ ಹಾಕಿದ ಹೋಸು ಇಪ್ಪತ್ತು ವರ್ಷವಾದರೂ ಅಲ್ಲೇ ಕುಳಿತಿರುತ್ತದೆ, ಬೆಂದು ಗಟ್ಟಿಯಾಗಿ, ಉಗುರು ಒತ್ತಿದರೆ ಬಿರುಕು ಬಿಡುವ ಸ್ಥಿತಿಯಲ್ಲಿ.

ಥ್ರಾಟಲನ್ನು ಬಿಸಿ ಮಾಡುವುದೇಕೆ ಎಂದು ಗಿರಾಕಿಗಳು ಕೇಳುತ್ತಾರೆ. ಆಕ್ಸಿಲರೇಟರಿನಿಂದ ಕಾಲು ಎತ್ತಿದಾಗ ಥ್ರಾಟಲಿನ ತಟ್ಟೆ ಹೆಚ್ಚುಕಡಿಮೆ ಮುಚ್ಚಿರುತ್ತದೆ. ಅಂಚಿನ ಸಂದಿಯಿಂದ ಗಾಳಿ ವೇಗವಾಗಿ ನುಗ್ಗುವಾಗ ಒತ್ತಡವೂ ಉಷ್ಣತೆಯೂ ಇಳಿಯುತ್ತವೆ. ಗಾಳಿಗೆ ಪೆಟ್ರೋಲ್ ಬೆರೆಸುವ ಕಾರ್ಬ್ಯುರೇಟರ್ ಇರುವ ಗಾಡಿಯಾದರೆ ಪೆಟ್ರೋಲ್ ಆವಿಯಾಗುವುದೂ ಅಲ್ಲೇ ಆದುದರಿಂದ ತಂಪು ಇನ್ನೂ ಹೆಚ್ಚು. 20 ಡಿಗ್ರಿಗಿಂತಲೂ ಹೆಚ್ಚು ಇಳಿಯಬಹುದು. ಹೊರಗಿನ ಗಾಳಿ ತಣ್ಣಗೂ ತೇವವಾಗಿಯೂ ಇದ್ದರೆ ಆ ತೇವ ತಟ್ಟೆಯ ಅಂಚಿಗೆ ಮಂಜುಗಡ್ಡೆಯಾಗಿ ಕಟ್ಟಿ, ಎಂಜಿನ್ ನಿಂತುಹೋಗುತ್ತದೆ ಅಥವಾ ಆಕ್ಸಿಲರೇಟರ್ ಸಿಕ್ಕಿಕೊಳ್ಳುತ್ತದೆ. ಚಳಿದೇಶಗಳಲ್ಲಿ ಇದು ಅಪಾಯದ ವಿಷಯ. ಅದಕ್ಕಾಗಿ ಕಂಪನಿಗಳು ಬಿಸಿ ಕೂಲೆಂಟನ್ನು ಆ ಜಾಗಕ್ಕೆ ಹರಿಸಿದವು.

ಕಾಸರಗೋಡಿನಲ್ಲಿ ಮಂಜುಗಡ್ಡೆ ಕಟ್ಟುವ ಚಳಿ ಇಲ್ಲ, ಹಾಗಾದರೆ ಈ ಹೋಸು ನಮಗೇಕೆ ಎಂಬ ತರ್ಕ ಇಲ್ಲಿಂದಲೇ ಹುಟ್ಟುತ್ತದೆ. ತರ್ಕ ಅರ್ಧ ಸರಿ. ಉಳಿದರ್ಧ ಗೊತ್ತಿಲ್ಲದೆ ಹೋಸು ಕಿತ್ತವರ ಗಾಡಿಗಳು ಆಮೇಲೆ ನನ್ನಂಥವರ ಅಂಗಳದಲ್ಲಿ ಬಂದು ನಿಲ್ಲುತ್ತವೆ. ಅನೇಕ ಹಳೆಯ ಎಂಜಿನ್ನುಗಳಲ್ಲಿ ಥ್ರಾಟಲ್ ಬಾಡಿಯ ಹೊಟ್ಟೆಯಲ್ಲಿ ಒಂದು ಮೇಣದ ವಾಲ್ವ್ ಇರುತ್ತದೆ. ಎಂಜಿನ್ ತಣ್ಣಗಿರುವಾಗ ಅದು ತೆರೆದಿದ್ದು ಹೆಚ್ಚು ಗಾಳಿ ಬಿಡುತ್ತದೆ, ಐಡಲಿಂಗ್ (ಗಾಡಿ ನಿಂತಿರುವಾಗಿನ ಎಂಜಿನ್ ವೇಗ) ಏರಿರುತ್ತದೆ. ಕೂಲೆಂಟ್ ಕಾದಂತೆ ಮೇಣ ಹಿಗ್ಗಿ ವಾಲ್ವ್ ಮುಚ್ಚುತ್ತದೆ, ಎಂಜಿನ್ ಶಾಂತವಾಗುತ್ತದೆ. ಮೇಣಕ್ಕೆ ಬಿಸಿ ತಲುಪಿಸುವುದು ಅದೇ ಸಣ್ಣ ಹೋಸು. ಅದನ್ನು ಕಿತ್ತರೆ ಎಂಜಿನ್ ಎಷ್ಟು ಕಾದರೂ ಆ ವಾಲ್ವಿನ ಪಾಲಿಗೆ ಇನ್ನೂ ಬೆಳಗಾಗಿಲ್ಲ.

ಇಲ್ಲಿ ಒಂದು ಪ್ರಕರಣ ಹೇಳಬೇಕು. ಆದೂರು ಕಡೆಯ ಅಡಿಕೆ ಕೃಷಿಕರೊಬ್ಬರು ತಮ್ಮ ಹಳೆಯ ಪೆಟ್ರೋಲ್ ಕಾರನ್ನು ತಂದರು. ಸಿಗ್ನಲ್ಲಿನಲ್ಲೋ ಗೇಟಿನ ಮುಂದೆಯೋ ನಿಂತರೆ ಎಂಜಿನ್ ತಾನಾಗಿ ಏರುತ್ತದೆ, ಇಳಿಯುತ್ತದೆ, ಮತ್ತೆ ಏರುತ್ತದೆ. ಬೇರೆ ಕಡೆ ಥ್ರಾಟಲ್ ಬಾಡಿಗೆ ಸ್ಪ್ರೇ ಹೊಡೆದು ತೊಳೆದಾಗಿತ್ತು, ಸೆನ್ಸರ್ ಬದಲಿಸಿಯಾಗಿತ್ತು, ಇನ್ನು ಎಂಜಿನ್ ನಿಯಂತ್ರಿಸುವ ಕಂಪ್ಯೂಟರ್ ಬದಲಿಸಬೇಕು ಎಂದಿದ್ದರಂತೆ. ನಾನು ಎಂಜಿನ್ ಚೆನ್ನಾಗಿ ಕಾಯುವವರೆಗೆ ಓಡಿಸಿ, ನಿಲ್ಲಿಸಿ, ಥ್ರಾಟಲ್ ಬಾಡಿಯ ತಳಕ್ಕೆ ಕೈ ತಾಗಿಸಿದೆ.

“ಮಾವ, ಸ್ವಲ್ಪ ಇಲ್ಲಿ ಕೈ ಇಟ್ಟು ನೋಡಿ,” ಎಂದೆ.

“ಎಂಜಿನ್ ಸುಡುತ್ತಿದೆ, ಇದು ಮಾತ್ರ ತಣ್ಣಗಿದೆಯಲ್ಲ!” ಎಂದರು ಅವರು.

ಬೆಳಕು ಬಿಟ್ಟು ನೋಡಿದಾಗ ಸಣ್ಣ ಹೋಸಿನ ಬುಡದಲ್ಲಿ, ಕ್ಲಿಪ್ಪಿನ ಸುತ್ತ, ಹಸಿರು ಬೆರೆತ ಬಿಳಿಯ ಹುಡಿ ಕಟ್ಟಿತ್ತು. ಸೋರಿದ ಕೂಲೆಂಟ್ ಅಲ್ಲೇ ಬಿಸಿಗೆ ಒಣಗಿ ಉಳಿಸಿದ ಗುರುತು ಅದು. ಒಂದು ಹನಿಯೂ ನೆಲಕ್ಕೆ ಬಿದ್ದಿರಲಿಲ್ಲ, ಆದ್ದರಿಂದ ಮನೆಯವರಿಗೆ ಸೋರಿಕೆಯ ಸಂಶಯವೇ ಬಂದಿರಲಿಲ್ಲ. ಥ್ರಾಟಲ್ ಬಾಡಿ ಇರುವುದು ಎಂಜಿನ್ನಿನ ಮೇಲ್ಭಾಗದಲ್ಲಿ. ಕೂಲೆಂಟ್ ಸ್ವಲ್ಪ ಕಡಿಮೆಯಾದರೂ ಮೊದಲು ಬರಿದಾಗುವುದು ಅದೇ ಜಾಗ. ಗಾಳಿ ಬಂದು ಕೂರುವುದೂ ಅಲ್ಲೇ. ಮೇಣದ ವಾಲ್ವಿಗೆ ಒಮ್ಮೆ ಬಿಸಿ ಕೂಲೆಂಟ್, ಒಮ್ಮೆ ಗಾಳಿ. ಎಂಜಿನ್ ಏರಿಳಿಯುವುದಕ್ಕೆ ಕಾರಣ ಅಷ್ಟೇ. ಎರಡು ಹೋಸು, ನಾಲ್ಕು ಕ್ಲಿಪ್ಪು, ಹೊಸ ಕೂಲೆಂಟ್, ಗಾಳಿ ಹೊರಹೋಗುವಂತೆ ನಿಧಾನವಾಗಿ ತುಂಬಿಸುವ ತಾಳ್ಮೆ, ಇಷ್ಟರಲ್ಲಿ ಕಾರು ಸರಿಯಾಯಿತು.

ಎಂಜಿನ್ ಬಿಸಿಯಾದ ಮೇಲೂ ಐಡಲಿಂಗ್ ಏರಿಳಿಯುತ್ತಿದ್ದರೆ ಸೆನ್ಸರಿಗೆ ದುಡ್ಡು ಸುರಿಯುವ ಮೊದಲು ಕೂಲೆಂಟ್ ಮಟ್ಟ ನೋಡಿ ಎಂದು ನಾನು ಸಿಕ್ಕಿದವರಿಗೆಲ್ಲ ಹೇಳುತ್ತೇನೆ. ಮಟ್ಟ ನೋಡುವುದು ಎಂದರೆ ಬದಿಯ ಪ್ಲಾಸ್ಟಿಕ್ ಡಬ್ಬಿಯನ್ನು ಮಾತ್ರವಲ್ಲ. ಡಬ್ಬಿ ತುಂಬಿದ್ದು ರೇಡಿಯೇಟರ್ ಬರಿದಾಗಿರುವ ಗಾಡಿಗಳನ್ನು ಎಷ್ಟೋ ನೋಡಿದ್ದೇನೆ. ಬೆಳಗ್ಗೆ, ಎಂಜಿನ್ ಪೂರ್ತಿ ತಣ್ಣಗಿರುವಾಗ, ಮುಚ್ಚಳ ತೆರೆದು ಒಳಗೆ ನೋಡಬೇಕು.

ಇನ್ನೊಂದು ಬಗೆಯ ಸೋರಿಕೆ ಇದಕ್ಕಿಂತ ಮೋಸದ್ದು. ಕೆಲವು ಎಂಜಿನ್ನುಗಳಲ್ಲಿ ಕೂಲೆಂಟ್ ಹರಿಯುವ ದಾರಿ ಮತ್ತು ಗಾಳಿ ಒಳಹೋಗುವ ದಾರಿಯ ನಡುವೆ ಇರುವುದು ಸೋರದಂತೆ ತಡೆಯುವ ಒಂದು ತೆಳ್ಳನೆಯ ಪದರ, ಅಂದರೆ ಗ್ಯಾಸ್ಕೆಟ್ ಮಾತ್ರ. ಕಾರ್ಬ್ಯುರೇಟರ್ ಕಾಲದ ಗಾಡಿಗಳಲ್ಲಿ ಸಿಲಿಂಡರುಗಳಿಗೆ ಗಾಳಿ ಹಂಚುವ ಇನ್‌ಟೇಕ್ ಮ್ಯಾನಿಫೋಲ್ಡಿನೊಳಗೇ ಕೂಲೆಂಟ್ ಹರಿಯುವ ದಾರಿ ಇರುವುದುಂಟು. ಆ ಗ್ಯಾಸ್ಕೆಟ್ ಹಾಳಾದರೆ ಕೂಲೆಂಟ್ ಎಂಜಿನ್ನಿನೊಳಗೆ ಹೋಗಿ ಸುಡುತ್ತದೆ. ನೆಲದಲ್ಲಿ ಹನಿಯಿಲ್ಲ, ಹೋಸಿನಲ್ಲಿ ಹುಡಿಯಿಲ್ಲ, ಆದರೆ ಮಟ್ಟ ಇಳಿಯುತ್ತಲೇ ಇರುತ್ತದೆ. ಸೈಲೆನ್ಸರಿನಿಂದ ಸಿಹಿ ವಾಸನೆಯ ಬಿಳಿ ಹೊಗೆ. ಇದನ್ನು ಕಂಡ ಕೂಡಲೇ “ಹೆಡ್ ಗ್ಯಾಸ್ಕೆಟ್ ಹೋಗಿದೆ” ಎಂದು ಹೆಡ್ ಬಿಚ್ಚುವ ಅವಸರ ಬೇಡ. ಹೆಡ್ ಗ್ಯಾಸ್ಕೆಟ್ ಹೋಗಿರಲೂಬಹುದು, ಅದು ಹೆಚ್ಚು ಸಾಮಾನ್ಯ ಕೂಡ. ಆದರೆ ಥ್ರಾಟಲಿನ ಹೋಸನ್ನು ಒಮ್ಮೆ ಪರೀಕ್ಷೆಗಾಗಿ ಬೈಪಾಸ್ ಮಾಡಿ (ಥ್ರಾಟಲನ್ನು ಬಿಟ್ಟು ಎರಡು ಹೋಸುಗಳನ್ನು ನೇರ ಜೋಡಿಸಿ), ಮ್ಯಾನಿಫೋಲ್ಡನ್ನು ಪರಿಶೀಲಿಸಿ, ಪ್ರೆಷರ್ ಟೆಸ್ಟರ್ ಹಾಕಿ ನೋಡಿದ ಮೇಲೆಯೇ ಹೆಡ್ಡಿನ ಬೋಲ್ಟಿಗೆ ಸ್ಪ್ಯಾನರ್ ಹಾಕುವುದು ಗಿರಾಕಿಯ ಹಣಕ್ಕೆ ಕೊಡುವ ಗೌರವ.

ಈ ಪ್ರೆಷರ್ ಟೆಸ್ಟರ್ ದೊಡ್ಡ ಯಂತ್ರವೇನಲ್ಲ. ಮೀಟರ್ ಇರುವ ಒಂದು ಕೈಪಂಪು. ಎಂಜಿನ್ ತಣ್ಣಗಿರುವಾಗ ರೇಡಿಯೇಟರಿನ ಬಾಯಿಗೆ ಕೂರಿಸಿ, ಮುಚ್ಚಳದ ಮೇಲೆ ಬರೆದಷ್ಟೇ ಒತ್ತಡ ಕೊಟ್ಟು, ಸ್ವಲ್ಪ ಹೊತ್ತು ಮುಳ್ಳನ್ನು ನೋಡುತ್ತಾ ಇದ್ದರೆ ಸಾಕು. ಮುಳ್ಳು ಇಳಿದರೆ ಎಲ್ಲೋ ಸೋರುತ್ತಿದೆ. ವಾಟರ್ ಪಂಪಿನ ಅಡಿಯ ಸಣ್ಣ ತೂತು, ಬ್ಲಾಕಿನ ಬದಿಯ ತುಕ್ಕು ಹಿಡಿದ ಕೋರ್ ಪ್ಲಗ್ಗು, ರೇಡಿಯೇಟರಿನ ಪ್ಲಾಸ್ಟಿಕ್ ಟ್ಯಾಂಕ್ ಮತ್ತು ಅಲ್ಯುಮಿನಿಯಂ ಕೂಡುವ ಅಂಚು, ಹೀಟರಿನ ಹೋಸು, ಕೊನೆಗೆ ನಮ್ಮ ಥ್ರಾಟಲಿನ ಹೋಸು, ಇಷ್ಟು ಕಡೆ ಟಾರ್ಚ್ ಹಿಡಿದು ನೋಡಿದರೆ ಕಳ್ಳ ಸಿಗುತ್ತಾನೆ. ನಮ್ಮ ಸುತ್ತಿನ ಎಷ್ಟೋ ಗ್ಯಾರೇಜುಗಳಲ್ಲಿ ಇದು ಇಲ್ಲ. ನಾಲ್ಕು ಮಂದಿ ಸೇರಿ ಒಂದನ್ನು ಕೊಂಡರೂ ಆಗುತ್ತದೆ.

ಮುಚ್ಚಳದ ವಿಷಯ. ರೇಡಿಯೇಟರಿನ ಮುಚ್ಚಳ ಕುಕ್ಕರಿನ ವೆಯ್ಟಿನ ಹಾಗೆ ಒಳಗಿನ ಒತ್ತಡವನ್ನು ಹಿಡಿದಿಡುತ್ತದೆ. ತೆರೆದ ಪಾತ್ರೆಯಲ್ಲಿ ನೀರು 100 ಡಿಗ್ರಿಗೆ ಕುದಿಯುತ್ತದೆ. 0.9 ಬಾರ್ ಒತ್ತಡ ಹಿಡಿಯುವ ಮುಚ್ಚಳದ ಕೆಳಗೆ ಅದೇ ನೀರು ಕುದಿಯಲು ಸುಮಾರು 118 ಡಿಗ್ರಿ ಬೇಕು. ಅರ್ಧ ಕೂಲೆಂಟ್ ಅರ್ಧ ನೀರು ಬೆರೆಸಿದ್ದರೆ 125ರ ಆಸುಪಾಸು. ಮುಚ್ಚಳದ ರಬ್ಬರ್ ಸೀಳಿದರೆ ಈ ಲಾಭವೆಲ್ಲ ಹೋಯಿತು. ಸಂಪಾಜೆ ಘಾಟಿ ಹತ್ತಿ ಮಡಿಕೇರಿಗೆ ಹೋಗುವವರು ಇದನ್ನು ವಿಶೇಷವಾಗಿ ಗಮನಿಸಬೇಕು. ಮಡಿಕೇರಿಯ ಎತ್ತರದಲ್ಲಿ ತೆರೆದ ನೀರು ಸುಮಾರು 96 ಡಿಗ್ರಿಗೇ ಕುದಿಯುತ್ತದೆ. ಏರು ಹತ್ತುವಾಗ ಎಂಜಿನ್ನಿಗೆ ಹೊರೆ ಹೆಚ್ಚು, ವೇಗ ಕಡಿಮೆ, ಮುಂದಿನಿಂದ ಬೀಸುವ ಗಾಳಿಯೂ ಕಡಿಮೆ. ಹಾಳಾದ ಮುಚ್ಚಳದ ಗಾಡಿ ಕುದಿಯುವುದು ಅಲ್ಲೇ. ರಾಷ್ಟ್ರೀಯ ಹೆದ್ದಾರಿ 66ರ ಅಗಲೀಕರಣದ ಕಾಲದಲ್ಲಿ ಸರ್ವಿಸ್ ರಸ್ತೆಯ ಧೂಳಿನಲ್ಲಿ ಮೊದಲ ಗೇರಿನಲ್ಲಿ ತೆವಳಿದ ಗಾಡಿಗಳ ಕತೆಯೂ ಇದೇ. ಅಲ್ಲಿ ಫ್ಯಾನ್ ಸರಿಯಿರದಿದ್ದರೆ ತಲಪಾಡಿಯಿಂದ ಕಾಸರಗೋಡು ತಲುಪುವುದೇ ಕಷ್ಟವಾಗುತ್ತಿತ್ತು. ಬೆಳಗ್ಗೆ ನೋಡುವಾಗ ರೇಡಿಯೇಟರಿನ ಮೇಲಿನ ಹೋಸು ಒಳಕ್ಕೆ ಹೀರಿ ಚಪ್ಪಟೆಯಾಗಿದ್ದರೆ ಮುಚ್ಚಳದ ಒಳವಾಲ್ವ್ ಸಿಕ್ಕಿಕೊಂಡಿದೆ ಎಂದು ತಿಳಿಯಿರಿ. ಹೊಸ ಮುಚ್ಚಳಕ್ಕೆ ಏನು ಮಹಾ ಬೆಲೆ?

ಬಿಸಿ ಎಂಜಿನ್ನಿನ ಮುಚ್ಚಳವನ್ನು ಮಾತ್ರ ಯಾವ ಕಾರಣಕ್ಕೂ ತೆರೆಯಬೇಡಿ. ಬಟ್ಟೆ ಸುತ್ತಿದರೂ ಬೇಡ, ಅವಸರವಿದ್ದರೂ ಬೇಡ. ಒತ್ತಡ ಇಳಿದ ಕ್ಷಣವೇ ಒಳಗಿನದ್ದೆಲ್ಲ ಕುದಿದು ಮುಖಕ್ಕೆ, ಎದೆಗೆ ಹಾರುತ್ತದೆ. ಮುಖದ ಚರ್ಮ ಸುಲಿದುಹೋದ ಒಬ್ಬ ಯುವ ಚಾಲಕನನ್ನು ನಾನು ಆಸ್ಪತ್ರೆಯಲ್ಲಿ ನೋಡಿ ಬಂದಿದ್ದೇನೆ, ಆ ನೋವು ಯಾರಿಗೂ ಬೇಡ. ಎಂಜಿನ್ ನಿಲ್ಲಿಸಿ, ನೆರಳಿದ್ದರೆ ನೆರಳಿಗೆ ತಳ್ಳಿ, ಮೇಲಿನ ಹೋಸನ್ನು ಹಿಚುಕಿದರೆ ಮೆತ್ತಗೆ ಒಳಹೋಗುವಷ್ಟು ತಣಿಯುವ ತನಕ ಕಾಯಬೇಕು. ಕುದಿದ ಎಂಜಿನ್ನಿಗೆ ತಣ್ಣೀರು ಸುರಿದರೆ ಅಲ್ಯುಮಿನಿಯಂ ಹೆಡ್ ಬಾಗುತ್ತದೆ, ಬಿರುಕೂ ಬಿಡುತ್ತದೆ. ಟೆಂಪರೇಚರ್ ಮುಳ್ಳು ಕೆಳಗಿದೆ ಎಂದು ಧೈರ್ಯ ತಂದುಕೊಳ್ಳುವುದೂ ತಪ್ಪು. ಕೂಲೆಂಟ್ ಪೂರ್ತಿ ಹೋಗಿದ್ದರೆ ಸೆನ್ಸರಿಗೆ ತಾಗಲು ದ್ರವವೇ ಇರುವುದಿಲ್ಲ, ಎಂಜಿನ್ ಸುಡುತ್ತಿದ್ದರೂ ಮುಳ್ಳು ಸುಮ್ಮನಿರಬಹುದು.

ನೀರಿನ ಬಗ್ಗೆ ನಮ್ಮ ಊರಿನವರಿಗೆ ಬಹಳ ಅಭಿಮಾನ. ಗುಡ್ಡದ ಮುರಕಲ್ಲು ಕೊರೆದು ತೆಗೆದ ಸುರಂಗದ ನೀರು ಬೇಸಗೆಯಲ್ಲೂ ತಣ್ಣಗೆ, ತಿಳಿಯಾಗಿ ಬರುತ್ತದೆ. ಕುಡಿಯಲು ಅದಕ್ಕಿಂತ ಒಳ್ಳೆಯದು ಬೇರೆ ಇಲ್ಲ. “ನಮ್ಮ ಸುರಂಗದ ನೀರನ್ನೇ ಹಾಕಿದ್ದೇನೆ, ಇನ್ನೇನು ಬೇಕು?” ಎಂದು ಹೆಮ್ಮೆಯಿಂದ ಹೇಳುವವರ ರೇಡಿಯೇಟರಿನಿಂದ ಕೆಮ್ಮಣ್ಣಿನ ಬಣ್ಣದ ಕೆಸರು ಬರುವುದನ್ನು ನಾನು ತೋರಿಸಬೇಕಾಗುತ್ತದೆ. ಮುರಕಲ್ಲಿನ ನೆಲದ ನೀರಿಗೆ ಸಾಮಾನ್ಯವಾಗಿ ಹುಳಿ ಗುಣ ಹೆಚ್ಚು, ಹಲವು ಕಡೆ ಕಬ್ಬಿಣದ ಅಂಶವೂ ಇರುತ್ತದೆ. ಕುಂಬಳೆ, ಮಂಜೇಶ್ವರದ ಕಡಲ ಬದಿಯ ಬಾವಿಗಳಲ್ಲಿ ಬೇಸಗೆಗೆ ಉಪ್ಪು ಸೇರುತ್ತದೆ, ಉಪ್ಪು ಅಲ್ಯುಮಿನಿಯಮನ್ನು ತಿನ್ನುತ್ತದೆ. ಬರಿಯ ನೀರಿನಲ್ಲಿ ತುಕ್ಕು ತಡೆಯುವ ಶಕ್ತಿ ಇಲ್ಲ. ಆ ತುಕ್ಕು ಮೊದಲು ಹೋಗಿ ತುಂಬುವುದು ತೀರಾ ಇಕ್ಕಟ್ಟಾದ ಜಾಗಕ್ಕೆ, ಅಂದರೆ ಥ್ರಾಟಲ್ ಬಾಡಿಯ ಆ ಸಣ್ಣ ದಾರಿಗೆ. ಕೂಲೆಂಟ್ ಎಂದರೆ ಚಳಿಗೆ ಮಾತ್ರ ಎಂಬ ತಿಳಿವಳಿಕೆಯಿಂದ ನಮ್ಮವರು ಅದನ್ನು ದುಂದುವೆಚ್ಚವೆಂದು ಬಗೆಯುತ್ತಾರೆ. ನಮಗೆ ಬೇಕಾದುದು ಅದರ ತುಕ್ಕು ತಡೆಯುವ ಗುಣ ಮತ್ತು ತಡವಾಗಿ ಕುದಿಯುವ ಗುಣ. ಡಬ್ಬಿಯ ಮೇಲೆ ಐಎಸ್ 5759 (ಭಾರತದ ಗುಣಮಟ್ಟದ ಗುರುತು) ಅಥವಾ ಜೆಐಎಸ್ ಕೆ 2234 (ಜಪಾನಿನದ್ದು) ಎಂದಿದೆಯೇ ನೋಡಿ. ಬೆರೆಸುವ ಬಗೆಯದ್ದಾದರೆ ಬ್ಯಾಟರಿಗೆ ಹಾಕುವ ಡಿಸ್ಟಿಲ್ಡ್ ನೀರಿನೊಂದಿಗೆ ಬೆರೆಸಿ. ಹಸಿರಿಗೆ ಕೆಂಪು, ಕೆಂಪಿಗೆ ನೀಲಿ ಎಂದು ಸಿಕ್ಕಿದ್ದನ್ನು ಸುರಿಯಬೇಡಿ. ಬಣ್ಣ ಒಂದೇ ಆದರೂ ಒಳಗಿನ ರಾಸಾಯನಿಕ ಬೇರೆ ಇರಬಹುದು; ಹೊಂದದಿದ್ದರೆ ತುಕ್ಕು ತಡೆಯುವ ಗುಣ ಕುಂದುತ್ತದೆ. ಹಳೆಯ ಮಾದರಿಯ ಹಸಿರು ಕೂಲೆಂಟನ್ನು ಎರಡು ವರ್ಷಕ್ಕೊಮ್ಮೆ ಬದಲಿಸುವುದು ಒಳ್ಳೆಯದು.

ಸೋರಿಕೆ ನಿಲ್ಲಲೆಂದು ರೇಡಿಯೇಟರಿಗೆ ಅರಸಿನ ಹುಡಿ ಹಾಕುವ ರೂಢಿ ಹಿಂದಿನ ಲಾರಿ ಚಾಲಕರಿಂದ ಬಂದದ್ದು. ನಡುರಾತ್ರಿ ಕಾಡಿನ ದಾರಿಯಲ್ಲಿ ಸಿಕ್ಕಿಬಿದ್ದವನಿಗೆ ಅದು ಮನೆ ಮುಟ್ಟಿಸಬಹುದು. ಮನೆ ಮುಟ್ಟಿದ ಮೇಲೂ ಅದನ್ನೇ ನಂಬಿ ಕೂತರೆ ಆ ಹುಡಿಯೂ, ಅಂಗಡಿಯಲ್ಲಿ ಸಿಗುವ ಸೋರಿಕೆ ತಡೆಯುವ ಪುಡಿಯೂ ಸೇರಿ ಸಣ್ಣ ದಾರಿಗಳನ್ನೆಲ್ಲ ಕಟ್ಟುತ್ತವೆ. ಥರ್ಮೋಸ್ಟಾಟ್ ಕಿತ್ತೆಸೆಯುವ ರೂಢಿಯೂ ಬಿಡಬೇಕಾದದ್ದೇ. ಅದು ಸಾಮಾನ್ಯವಾಗಿ 82ರಿಂದ 88 ಡಿಗ್ರಿಯ ಹೊತ್ತಿಗೆ ತೆರೆದುಕೊಂಡು ಎಂಜಿನ್ನಿನ ಉಷ್ಣತೆಯನ್ನು ಹದದಲ್ಲಿಡುತ್ತದೆ. ಅದಿಲ್ಲದಿದ್ದರೆ ಪೆಟ್ರೋಲ್ ಹೆಚ್ಚು ಹೀರುತ್ತದೆ, ಸಿಲಿಂಡರ್ ಬೇಗ ಸವೆಯುತ್ತದೆ.

ಈಗ ಥ್ರಾಟಲಿನ ಹೋಸು ಸೋರಿದಾಗ ಏನು ಮಾಡಬೇಕು ಎಂಬುದಕ್ಕೆ ಬರುತ್ತೇನೆ, ನನ್ನ ಸಹೋದ್ಯೋಗಿ ಮೆಕ್ಯಾನಿಕ್‌ಗಳಲ್ಲಿ ವಿನಂತಿಸಬೇಕಾದದ್ದು ಇಲ್ಲೇ ಹೆಚ್ಚು. ಎಲ್ಲಕ್ಕಿಂತ ಒಳ್ಳೆಯದು ಹೋಸು ಬದಲಿಸಿ ಮೊದಲಿದ್ದಂತೆಯೇ ಜೋಡಿಸುವುದು. ಥ್ರಾಟಲ್ ಬಾಡಿಯೇ ಒಳಗಿನಿಂದ ತಿಂದುಹೋಗಿ ಸೋರುತ್ತಿದ್ದರೆ, ಬದಲಿ ಭಾಗ ಸಿಗದಿದ್ದರೆ, ಆಗ ಬೈಪಾಸ್ ಮಾಡುವುದನ್ನು ನಾನು ಒಪ್ಪುತ್ತೇನೆ. ಇಂಜೆಕ್ಷನ್ ಗಾಡಿಯಾಗಿದ್ದು (ಕಾರ್ಬ್ಯುರೇಟರ್ ಇಲ್ಲದೆ ಪೆಟ್ರೋಲನ್ನು ಸಿಂಪಡಿಸುವ ಬಗೆ), ಐಡಲಿಂಗನ್ನು ಕಂಪ್ಯೂಟರ್ ಚಾಲಿತ ಮೋಟರು ನೋಡಿಕೊಳ್ಳುವುದಾದರೆ ನಮ್ಮ ಹವೆಯಲ್ಲಿ ಅದರಿಂದ ತೊಂದರೆಯಿಲ್ಲ. ಮೇಣದ ವಾಲ್ವ್ ಇರುವ ಗಾಡಿಗೆ ಬೈಪಾಸ್ ಬೇಡವೇ ಬೇಡ. ಕಾರ್ಬ್ಯುರೇಟರ್ ಗಾಡಿಯ ಮ್ಯಾನಿಫೋಲ್ಡಿಗೆ ಹೋಗುವ ಬಿಸಿಯನ್ನೂ ಕಟ್ಟಬೇಡಿ. ಅಂಥ ಗಾಡಿಯಲ್ಲಿ ಡಿಸೆಂಬರಿನ ಬೆಳಗ್ಗೆ ಮಂಜು ಮುಸುಕಿದ ಮಡಿಕೇರಿಗೋ ಊಟಿಗೋ ಹೊರಟ ಕುಟುಂಬ ನಡುದಾರಿಯಲ್ಲಿ ಎಂಜಿನ್ ನಿಂತು ಪರದಾಡೀತು.

ಬೈಪಾಸ್ ಮಾಡುವವರು ದಯವಿಟ್ಟು ಎರಡೂ ತುದಿಗೆ ಬೋಲ್ಟ್ ತುರುಕಿ ಕ್ಲಿಪ್ ಬಿಗಿಯಬೇಡಿ. ಕೆಲವು ಎಂಜಿನ್ನುಗಳಲ್ಲಿ ಗಾಳಿ ಹೊರಹೋಗುವ ದಾರಿಯೂ ಅದೇ. ಎರಡು ಹೋಸುಗಳನ್ನೂ ಹಿತ್ತಾಳೆ ಅಥವಾ ಉಕ್ಕಿನ ಕೊಳವೆಯಿಂದ ಜೋಡಿಸಿ ಹರಿವು ಉಳಿಸಿಕೊಳ್ಳಬೇಕು. ಅಡಿಕೆ ತೋಟದ ಹನಿ ನೀರಾವರಿಯ ಪ್ಲಾಸ್ಟಿಕ್ ಜಾಯಿಂಟರ್ ತಂದು ಹಾಕಿದ್ದನ್ನು ನಾನು ಬಿಚ್ಚಿ ತೆಗೆದಿದ್ದೇನೆ. ಗಾತ್ರ ಸರಿಯಾಗಿ ಕೂರುತ್ತದೆ, ಕೈಗೆ ಸುಲಭವಾಗಿ ಸಿಗುತ್ತದೆ, ಆದರೆ ಅದು ತಣ್ಣೀರಿಗೆ ಮಾಡಿದ ವಸ್ತು; 90 ಡಿಗ್ರಿ ಕಾದ ಕೂಲೆಂಟಿನ ಒತ್ತಡಕ್ಕೆ ಮೆತ್ತಗಾಗಿ ಜಾರುತ್ತದೆ. ಜಾರಿದ ಮೇಲೆ ಕೆಲವೇ ನಿಮಿಷದಲ್ಲಿ ಎಲ್ಲ ಕೂಲೆಂಟ್ ರಸ್ತೆಗೆ. ಪೆಟ್ರೋಲ್ ಪೈಪನ್ನು ಕತ್ತರಿಸಿ ಹಾಕುವುದೂ ಹಾಗೆಯೇ. ಅದರ ರಬ್ಬರ್ ಪೆಟ್ರೋಲಿಗೆ ತಾಳುತ್ತದೆ, ಬಿಸಿ ಕೂಲೆಂಟಿಗೆ ಬೇಗ ಗಡುಸಾಗುತ್ತದೆ. ಕೂಲೆಂಟ್ ಹೋಸಿನ ರಬ್ಬರ್ ಬಿಸಿಯನ್ನು ತಾಳುತ್ತದೆ, ಆದರೆ ಎಂಜಿನ್ ಆಯಿಲ್ ತಾಗಿದರೆ ಊದಿಕೊಳ್ಳುತ್ತದೆ. ಹಾಗಾಗಿ ಮೇಲಿನ ಕವರಿನಿಂದ ಆಯಿಲ್ ಒಸರುತ್ತಿದ್ದರೆ ಅದನ್ನೂ ಅದೇ ದಿನ ಸರಿಪಡಿಸಿ.

ಕೊನೆಯದಾಗಿ, ಯಾರೂ ಮಾತಾಡದ ಒಂದು ವಿಷಯ. ಕೂಲೆಂಟಿನಲ್ಲಿ ಸಾಮಾನ್ಯವಾಗಿ ಇರುವ ಎಥಿಲೀನ್ ಗ್ಲೈಕಾಲ್ ರುಚಿಗೆ ಸಿಹಿ, ದೇಹಕ್ಕೆ ವಿಷ. ಮೂತ್ರಪಿಂಡವನ್ನು ಕೆಡಿಸುತ್ತದೆ. ಅಂಗಳದಲ್ಲಿ ಸೋರಿದ್ದನ್ನು ನಾಯಿ, ಬೆಕ್ಕು ನೆಕ್ಕಿದರೆ ಸ್ವಲ್ಪವೇ ಸಾಕು ಸಾಯಲು. ಕರು ಕಟ್ಟಿದ ಹಟ್ಟಿಯ ಪಕ್ಕದಲ್ಲೇ ಕಾರು ನಿಲ್ಲಿಸುವ ಮನೆಗಳು ನಮ್ಮಲ್ಲಿ ಬೇಕಾದಷ್ಟಿವೆ. ಕಾರಿನಡಿ ಬಿದ್ದ ಹನಿ ಏಸಿಯ ನೀರೋ ಕೂಲೆಂಟೋ ಎಂದು ತಿಳಿಯಲು ಬಿಳಿ ಕಾಗದಕ್ಕೆ ಒತ್ತಿ ನೋಡಿದರೆ ಸಾಕು. ಏಸಿಯ ನೀರಿಗೆ ಬಣ್ಣವಿಲ್ಲ, ಕೂಲೆಂಟಿಗೆ ಬಣ್ಣವೂ ಇದೆ, ಬೆರಳಿಗೆ ಜಾರುವ ಗುಣವೂ ಇದೆ. ಮಕ್ಕಳಿರುವ ಮನೆಯಲ್ಲಿ ಉಳಿದ ಕೂಲೆಂಟನ್ನು ಶರಬತ್ತಿನ ಬಾಟಲಿಯಲ್ಲಿ ಇಡಬಾರದು.

ಗ್ಯಾರೇಜುಗಳಲ್ಲಿ ಬಿಚ್ಚಿ ತೆಗೆದ ಹಳೆಯ ಕೂಲೆಂಟ್ ಬಹುತೇಕ ಕಡೆ ಹಿಂದಿನ ತೋಡಿಗೆ ಹೋಗುತ್ತದೆ. ಈ ಭಾಗದ ತೋಡುಗಳು ಸೇರುವುದು ಪಯಸ್ವಿನಿಗೆ, ಅಲ್ಲಿಂದ ಚಂದ್ರಗಿರಿಗೆ. ನಾನು ಅದನ್ನು ಕ್ಯಾನುಗಳಲ್ಲಿ ತುಂಬಿಸಿ ಇಡುತ್ತಿದ್ದೇನೆ, ಆದರೆ ಯಾರಿಗೆ ಒಪ್ಪಿಸಬೇಕೆಂದು ಹೇಳುವವರಿಲ್ಲ. ಮನೆಮನೆಯಿಂದ ಪ್ಲಾಸ್ಟಿಕ್ ಸಂಗ್ರಹಿಸುವ ಹರಿತ ಕರ್ಮ ಸೇನೆಯ ವ್ಯವಸ್ಥೆ ನಮ್ಮ ಪಂಚಾಯತುಗಳಲ್ಲಿದೆ. ಕಾರಡ್ಕ, ಬೆಳ್ಳೂರು, ದೇಲಂಪಾಡಿ, ಮುಳಿಯಾರು ಪಂಚಾಯತುಗಳು ಒಟ್ಟಾಗಿ ಗ್ಯಾರೇಜುಗಳ ಹಳೆಯ ಕೂಲೆಂಟ್ ಮತ್ತು ಆಯಿಲನ್ನು ನಿಗದಿತ ದಿನದಲ್ಲಿ ಸಂಗ್ರಹಿಸಿ ಅಧಿಕೃತ ವಿಲೇವಾರಿಗೆ ಕಳುಹಿಸುವ ಏರ್ಪಾಡು ಮಾಡಬೇಕೆಂದು ಈ ಪತ್ರದ ಮೂಲಕ ಕೇಳಿಕೊಳ್ಳುತ್ತೇನೆ. ಸಣ್ಣ ಶುಲ್ಕ ವಿಧಿಸಿದರೂ ಕೊಡಲು ಸಿದ್ಧ. ವಿದ್ಯಾನಗರದ ಸರಕಾರಿ ಐಟಿಐಯವರು ರಜಾದಿನವೊಂದರಲ್ಲಿ ಗಡಿನಾಡಿನ ಸಣ್ಣ ಗ್ಯಾರೇಜಿನವರಿಗಾಗಿ ಪ್ರೆಷರ್ ಟೆಸ್ಟ್ ಮತ್ತು ಕೂಲೆಂಟ್ ನಿರ್ವಹಣೆಯ ತರಬೇತಿಯನ್ನು ಕನ್ನಡದಲ್ಲೂ ನಡೆಸಿಕೊಟ್ಟರೆ ಬರಲು ನಮ್ಮಲ್ಲಿ ಹಲವರಿದ್ದಾರೆ. ಕೆಲಸವನ್ನು ಕೈಯಿಂದ ಕಲಿತ ನಮಗೆ ಅದರ ಕಾರಣಗಳನ್ನು ನಮ್ಮ ಭಾಷೆಯಲ್ಲಿ ಹೇಳಿಕೊಟ್ಟವರು ಕಡಿಮೆ. ಸ್ಥಳಕ್ಕೆ ನಮ್ಮ ಗ್ಯಾರೇಜಿನ ಶೆಡ್ಡನ್ನೇ ಬಿಟ್ಟುಕೊಡುತ್ತೇನೆ, ಬಿಚ್ಚಿ ತೋರಿಸಲು ಸೋರುವ ಎಂಜಿನ್ನುಗಳೂ ಅಲ್ಲಿವೆ.

ಇತಿ,
ಓರ್ವ ಗ್ಯಾರೇಜ್ ಮೆಕ್ಯಾನಿಕ್
ಮುಳ್ಳೇರಿಯ, ಕಾಸರಗೋಡು ಜಿಲ್ಲೆ